ಒಗ್ಗರಣೆ ಸೀದರೂ ಸಾರು ಸೀಯಬಾರದು

ಪುಟ್ಟಿ, ಮೊನ್ನೆ ನಮ್ಮ ಮನೆಯಲ್ಲಿ ಬಿಟ್ಟುಹೋದ ನಿನ್ನ ಬೇಸ್ ಗಿಟಾರಿನ ಡ್ರೈವ್ ಪೆಡಲನ್ನು ರಾತ್ರಿ ಬಿಚ್ಚಿ ನೋಡಿದೆ. ಬೆಸುಗೆ ಚೆನ್ನಾಗಿದೆ. ಗ್ರೌಂಡಿನ ವೈರುಗಳನ್ನೆಲ್ಲ ಒಂದೇ ಕಡೆ ಸೇರಿಸಿದ್ದೀಯ, ಅದನ್ನು ನಾನು ಕಲಿಯುವಷ್ಟರಲ್ಲಿ ಕೂದಲು ಅರ್ಧ ಉದುರಿತ್ತು. ಆದರೆ "ದೊಡ್ಡಪ್ಪ, ಇದನ್ನು ತುಳಿದ ಕೂಡಲೇ ಬೇಸೇ ಮಾಯ" ಅಂತ ಗೋಳಾಡಿದೆಯಲ್ಲ, ಅದರ ಕಾರಣ ನಿನ್ನ ಕೈಯಲ್ಲಿಲ್ಲ. ನೀನು ನೋಡಿ ಕಟ್ಟಿದ ಸರ್ಕ್ಯೂಟಿನಲ್ಲೇ ಇದೆ. ಅದು ಐಬನೀಜ್ ಟ್ಯೂಬ್ ಸ್ಕ್ರೀಮರ್. ಮಾಮೂಲಿ ಗಿಟಾರಿಗೆಂದೇ ಹುಟ್ಟಿದ್ದು, ಬೇಸಿಗಲ್ಲ.

ಅದರ ಹೊಟ್ಟೆಯೊಳಗೆ ಆಪ್-ಆಂಪಿನ ಮೈನಸ್ ಕಾಲಿಗೆ 4.7 ಕೆ ರೆಸಿಸ್ಟರ್, ಅದರ ಬೆನ್ನಿಗೆ 473 ಎಂದು ಬರೆದ ಕೆಪಾಸಿಟರ್, ಅಂದರೆ 0.047 ಮೈಕ್ರೋಫ್ಯಾರಡ್. ಈ ಜೋಡಿಯ ಲೆಕ್ಕ ಸುಮಾರು 720 ಹರ್ಟ್ಸ್‌ಗೆ ಬರುತ್ತದೆ. ಡ್ರೈವ್ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಅದಕ್ಕಿಂತ ಸಾಕಷ್ಟು ಮೇಲಿನ ಸದ್ದಿಗೆ ನೂರು ಪಟ್ಟಿಗೂ ಹೆಚ್ಚು ಗೇನ್ ಸಿಗುತ್ತದೆ. ನಿನ್ನ ದಪ್ಪ ಇ ತಂತಿ 41 ಹರ್ಟ್ಸ್‌ನಲ್ಲಿ ನಡುಗುತ್ತದೆ, ಅದರ ಪಾಲಿಗೆ ಬರುವುದು ಏಳು ಪಟ್ಟಿನ ಆಸುಪಾಸು. ಈ ಪೆಡಲು ಬೇಸನ್ನು ಕತ್ತರಿಸಿ ಎಸೆಯುವುದಿಲ್ಲ, ಹಿಂದೆ ಬಿಟ್ಟು ತಾನು ಮುಂದೆ ಓಡುತ್ತದೆ. ನಮ್ಮ ಕಿವಿಗೆ ಎರಡೂ ಒಂದೇ.

ಈಗ ನಿನಗೆ ಹೊಳೆಯುವ ಉಪಾಯ ನನಗೆ ಗೊತ್ತು. ಕೆಪಾಸಿಟರ್ ದೊಡ್ಡದು ಮಾಡುವುದು. 474 ಹಾಕಿದರೆ 72 ಹರ್ಟ್ಸ್, 105 ಹಾಕಿದರೆ 34. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿನ ಕೆಲಸ. ನಾನೂ ಹಾಕಿದ್ದೆ. ಬೇಸು ಬಂತು, ಆದರೆ ನೆನೆಸಿ ಮರೆತ ಅವಲಕ್ಕಿಯ ಹಾಗೆ ಬಂತು.

ಯಾಕೆ ಹಾಗೆ ಅನ್ನುವುದನ್ನು ನಿಧಾನವಾಗಿ ಕೇಳು. ಪೆಡಲಿನಲ್ಲಿ ಸದ್ದನ್ನು ಒಡೆಯುವುದು ಡಯೋಡುಗಳು. ಅವು ಅಲೆಯ ನೆತ್ತಿಯನ್ನು ಒಂದು ಎತ್ತರಕ್ಕೆ ಸವರಿ ಚಪ್ಪಟೆ ಮಾಡುತ್ತವೆ. ಕೆಳಗಿನ ಸ್ವರದ ಅಲೆ ದೊಡ್ಡದು, ಉದ್ದ. 41 ಹರ್ಟ್ಸ್‌ನ ಒಂದು ಸುತ್ತಿಗೇ 24 ಮಿಲಿಸೆಕೆಂಡು ಬೇಕು. ಆ ದೊಡ್ಡ ಅಲೆಯ ಬೆನ್ನೇರಿ ಸಣ್ಣ ಸಣ್ಣ ತೆರೆಗಳು ಬರುತ್ತಿರುತ್ತವೆ. ನಿನ್ನ ಬೆರಳಿನ ಮೀಟು, ತಂತಿಯ ಲೋಹದ ಕಂಪನ, ಇದು ಯಾವ ಸ್ವರ ಎಂದು ಹೇಳುವುದೆಲ್ಲ ಅವೇ. ದೊಡ್ಡ ಅಲೆ ಚಾವಣಿಗೆ ಅಂಟಿಕೊಂಡಷ್ಟು ಹೊತ್ತು ಬೆನ್ನ ಮೇಲಿದ್ದವೂ ಅದರ ಜೊತೆ ಅಪ್ಪಚ್ಚಿ. ಇನ್ನು ಇ ಮತ್ತು ಬಿ ಎರಡನ್ನೂ ಒಟ್ಟಿಗೆ ನುಡಿಸಿದೆಯೋ, 41 ಮತ್ತು 62ರ ನಡುವಿನ ವ್ಯತ್ಯಾಸವಾಗಿ 21 ಹರ್ಟ್ಸ್‌ನ ಒಂದು ಗೊಡಗೊಡ ಹೊಸದಾಗಿ ಹುಟ್ಟುತ್ತದೆ. ಯಾರ ಕಿವಿಗೂ ಸ್ವರವಾಗಿ ತಲುಪದ ಅದು ಸ್ಪೀಕರಿನ ಕೋನನ್ನು ಮಾತ್ರ ಸುಮ್ಮನೆ ಒದೆಯುತ್ತಿರುತ್ತದೆ.

ಅದಕ್ಕೇ ಹೇಳುವುದು, ಮಂದ್ರವನ್ನು ಡಯೋಡಿನ ಹತ್ತಿರಕ್ಕೇ ತರಬೇಡ. ನಿಮ್ಮ ದೊಡ್ಡಮ್ಮ ಒಗ್ಗರಣೆಯನ್ನು ಸೌಟಿನಲ್ಲಿ ಬೇರೆ ಮಾಡಿ ಕೊನೆಗೆ ಸುರಿಯುತ್ತಾಳಲ್ಲ, ಹಾಗೆ. ಒಳಗೆ ಬಂದ ಸಿಗ್ನಲಿಗೆ ಮೊದಲು ಒಂದು ಬಫರ್ ಕೊಡು, ಟಿಎಲ್072ರ ಒಂದು ಅರ್ಧ ಸಾಕು. ಅಲ್ಲಿಂದ ದಾರಿ ಎರಡು ಮಾಡು. ಒಂದು ದಾರಿಯಲ್ಲಿ ಏನೂ ಇಲ್ಲ, ಬೇಸು ಹೇಗಿದೆಯೋ ಹಾಗೇ ಹೋಗಲಿ. ಇನ್ನೊಂದರಲ್ಲಿ ನಿನ್ನ ಸ್ಕ್ರೀಮರ್, ಆದರೆ 473 ಜಾಗದಲ್ಲಿ 224. ಆಗ ಲೆಕ್ಕ ಸುಮಾರು 154 ಹರ್ಟ್ಸ್‌ಗೆ ಬರುತ್ತದೆ. ಬೇಸಿಗೆ ಬೇಕಾದ ನಡುಸದ್ದು ಸೀಯುತ್ತದೆ, ತಳ ಅಷ್ಟಾಗಿ ಸೀಯುವುದಿಲ್ಲ. ಕೊನೆಗೆ ಎರಡನ್ನೂ ಒಂದು ಬ್ಲೆಂಡ್ ಪಾಟಿನಲ್ಲಿ ಕೂಡಿಸು. ಬಾಸ್ ಕಂಪನಿಯ ಓಡಿಬಿ-3ರಲ್ಲಿ ಬ್ಯಾಲೆನ್ಸ್ ಅಂತ ಇರುವ ಗುಂಡಿಯ ಕೆಲಸವೂ ಇದೇ. ಇದು ಈ ಎರಡೂ ಪೆಡಲುಗಳಿಗಿಂತ ಹಳೆಯ ಬುದ್ಧಿ ಅನ್ನಬೇಕು. 1965ರಲ್ಲಿ ಬೀಟಲ್ಸ್ 'ಥಿಂಕ್ ಫಾರ್ ಯುವರ್‌ಸೆಲ್ಫ್' ಮುದ್ರಿಸಿದಾಗ ಪಾಲ್ ಮೆಕಾರ್ಟ್ನಿ ಫಜ್ ಬೇಸನ್ನು ನುಡಿಸಿದ್ದು ಮಾಮೂಲಿ ಬೇಸಿನ ಬದಲಿಗಲ್ಲ, ಅದರ ಜೊತೆಗೆ. ಹೆಡ್‌ಫೋನ್ ಹಾಕಿ ಕೇಳು, ಎರಡೂ ಬೇರೆಬೇರೆ ಸಿಗುತ್ತವೆ.

ಎರಡು ದಾರಿ ಮಾಡಿದವರಿಗೆಲ್ಲ ಕಾದಿರುವ ಹಳ್ಳ ಒಂದಿದೆ. ಅದರಲ್ಲಿ ನಾನು ಬಿದ್ದದ್ದು ಒಂದು ಗಣೇಶನ ಪೆಂಡಾಲಿನಲ್ಲಿ, ಆರ್ಕೆಸ್ಟ್ರಾದ ನಡುವೆ. ಆಗ ಡ್ರೈವಿನ ದಾರಿಗೆ ಇನ್‌ವರ್ಟಿಂಗ್ ಸ್ಟೇಜ್ ಹಾಕಿದ್ದೆ. ಒಂದು ದಾರಿಯ ಅಲೆ ಮೇಲೇರಿದಾಗ ಇನ್ನೊಂದರದು ಕೆಳಗಿಳಿಯುತ್ತಿತ್ತು, ಕೂಡಿದ ಕಡೆ ತಳ ಒಂದಕ್ಕೊಂದು ವಜಾ ಆಗುತ್ತಿತ್ತು. ಮನೆಯ ಎಂಟು ಇಂಚಿನ ಸ್ಪೀಕರಿಗೆ 41 ಹರ್ಟ್ಸ್ ಹೇಗೂ ದಕ್ಕುವುದಿಲ್ಲವಾದ್ದರಿಂದ ನನಗೆ ತಿಳಿಯಲೇ ಇಲ್ಲ. ಪೆಂಡಾಲಿನಲ್ಲಿ ಪೆಡಲು ತುಳಿದೆ. ಡ್ರಮ್ಸಿನವನು ನನ್ನ ಕೇಬಲ್ಲೇ ಕಿತ್ತುಬಂತೇನೋ ಅಂತ ಬಗ್ಗಿ ನೋಡಿದ. ಸ್ಕ್ರೀಮರಿನ ಡ್ರೈವ್ ಸ್ಟೇಜ್ ನಾನ್-ಇನ್‌ವರ್ಟಿಂಗ್, ಹಾಗಾಗಿ ನೀನು ಬಚಾವು. ಆದರೂ ಪರೀಕ್ಷೆ ಮಾಡು. ಬ್ಲೆಂಡನ್ನು ಒಂದು ತುದಿಗೆ ತಿರುಗಿಸಿ ಇ ಮೀಟು, ಇನ್ನೊಂದು ತುದಿಗೆ ತಿರುಗಿಸಿ ಮೀಟು, ಆಮೇಲೆ ನಡುವಿಗೆ ತಾ. ನಡುವೆ ಎರಡೂ ತುದಿಗಿಂತ ಬಡಕಲಾಗಿ ಕೇಳಿದರೆ ಅಲೆ ತಿರುಗಿದೆ ಎಂದೇ ಅರ್ಥ. ಯಾವುದಾದರೂ ಒಂದು ದಾರಿಗೆ ಇನ್ನೊಂದು ಇನ್‌ವರ್ಟಿಂಗ್ ಸ್ಟೇಜ್ ಸೇರಿಸು, ಸರಿಹೋಗುತ್ತದೆ.

ಡಯೋಡಿಗೆ ನೀನು ಹಾಕಿರುವ 1ಎನ್4148 ಇರಲಿ. ಒಮ್ಮೆ ಕೆಂಪು ಎಲ್‌ಇಡಿಗಳನ್ನೂ ಹಾಕಿ ನೋಡು, 0.6 ವೋಲ್ಟಿನ ಬದಲು 1.7ರ ಹತ್ತಿರ ಸವರುತ್ತವೆ, ಸದ್ದು ಉಸಿರಾಡುತ್ತದೆ. ಯಾವುದು ವಾಸಿ ಎಂದು ಕೋಣೆಯಲ್ಲಿ ಒಬ್ಬಳೇ ಕೂತು ತೀರ್ಮಾನಿಸಬೇಡ ಕಣೇ. ಒಂಟಿಯಾಗಿ ಕೇಳುವಾಗ ಡ್ರೈವ್ ಯಾವತ್ತೂ ಕಡಿಮೆ ಅನ್ನಿಸುತ್ತದೆ, ಕಿಕ್ ಡ್ರಮ್ಮು ಪಕ್ಕಕ್ಕೆ ಬಂದ ಮೇಲೆ ಜಾಸ್ತಿಯಾಯಿತು ಅನ್ನಿಸುತ್ತದೆ. ಭಾನುವಾರ ಬಾ. ಅಟ್ಟದ ಮೇಲೆ ಹದಿನೈದು ಇಂಚಿನ ಹಳೆಯ ಕ್ಯಾಬಿನೆಟ್ ಇದೆ, ಇಳಿಸಲು ನಿನ್ನ ಡ್ರಮ್ಮರ್ ಹುಡುಗನನ್ನೂ ಕರೆದುಕೊಂಡು ಬಾ.