ಬೋರ್ಡ್ ಕೆಟ್ಟೀತೆಂಬ ಭಯಕ್ಕೆ ಮದ್ದಿದೆ

ಕಂಪ್ಯೂಟರನ್ನು ಎಬ್ಬಿಸುವ ಮುಕ್ತ ಫರ್ಮ್‌ವೇರ್ ಆದ ಕೋರ್‌ಬೂಟ್‌ಗೆ ಕೋಡ್ ಬರೆಯಲು ಹೊರಟ ಎಂಜಿನಿಯರಿಂಗ್ ವಿದ್ಯಾರ್ಥಿನಿಯ ಅಳುಕು ಸಹಜವೇ. ಫರ್ಮ್‌ವೇರ್‌ನಲ್ಲಿ ಒಂದು ಸಾಲು ತಪ್ಪಿದರೂ ಯಂತ್ರ ಏಳದೇ ಹೋಗಬಹುದು.

1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯೋಸ್ ಹೆಸರಲ್ಲಿ ಶುರುವಾದ ಈ ಯೋಜನೆ, ಗೂಗಲ್ ಸಮ್ಮರ್ ಆಫ್ ಕೋಡ್ ಮೂಲಕ ವಿದ್ಯಾರ್ಥಿಗಳನ್ನೂ ಬೆಳೆಸಿದೆ. ಕಳಿಸಿದ ಪ್ಯಾಚನ್ನು, ಅಂದರೆ ಕೋಡ್‌ನ ಬದಲಾವಣೆಯನ್ನು, ಅಲ್ಲಿ ಜೆಂಕಿನ್ಸ್ ಎಂಬ ತಂತ್ರಾಂಶ ತಾನೇ ಕಂಪೈಲ್ ಮಾಡಿ ನೋಡುತ್ತದೆ. ಆದರೆ ಕಂಪೈಲ್ ಆದದ್ದೆಲ್ಲ ಬೂಟ್ ಆಗುವುದಿಲ್ಲ! ಅದಕ್ಕೇ ಸ್ವಯಂಚಾಲಿತ ಬೂಟ್ ಪರೀಕ್ಷೆ ಬೇಕು: ಚಿಪ್‌ಗೆ ಹೊಸ ಇಮೇಜ್ ಬರೆಯುವುದು, ಪವರ್ ಕೊಡುವುದು, ಸೀರಿಯಲ್ ಕೇಬಲ್‌ನಲ್ಲಿ ಬರುವ ಲಾಗ್ ಓದುವುದು, ಬೂಟ್ ಕರ್ನಲ್‌ವರೆಗೆ ತಲುಪದಿದ್ದರೆ ಹಳೆಯ ಇಮೇಜನ್ನೇ ಮರಳಿ ಬರೆಯುವುದು. ಈ ಕೊನೆಯ ಹೆಜ್ಜೆಯೇ ಜೀವಾಳ.

ವಿದ್ಯಾರ್ಥಿನಿ ಮೊದಲು ಕ್ಯೂಇಎಂಯು ಎಮ್ಯುಲೇಟರ್‌ನಲ್ಲಿ ಪಳಗಲಿ. ಅಲ್ಲಿ ಕೆಡುವ ಬೋರ್ಡೇ ಇಲ್ಲ. ಆಮೇಲೆ ಫ್ಲ್ಯಾಶ್ ಚಿಪ್‌ನ ಎಂಟು ಕಾಲುಗಳಿಗೆ ಕ್ಲಿಪ್ ಹಾಕಿ, ಮೂಲ ಇಮೇಜನ್ನು ಎರಡು ಸಲ ಓದಿ, ಎರಡೂ ತಾಳೆಯಾದ ಮೇಲಷ್ಟೇ ಹೊಸದನ್ನು ಬರೆಯಲಿ. ಪ್ಯಾಚ್ ಚಿಕ್ಕದಿರಲಿ, ಯಾವ ಬೋರ್ಡ್‌ನಲ್ಲಿ ಬೂಟ್ ಆಯಿತೆಂದು ತಪ್ಪದೆ ನಮೂದಿಸಲಿ.