ಮೊಣಕೈ ಮುರಿದಾಗ: ಶಿರೂರು ಸೀಮೆಯ ರೋಗಿಗಳಿಂದ ಕಲಿತದ್ದು

1. ಬೈಕಿನಿಂದ ಬಿದ್ದು ಮೊಣಕೈ ಬಾತು ಬಂದವರಿಗೆ, ಕೈಯನ್ನು ತಲೆಯ ಮೇಲಕ್ಕೆ ಚಾಚಲು ಹೇಳುತ್ತೇನೆ. ಆಗದಿದ್ದರೆ ಮುಂಗೈಯ ಅಲ್ನಾ ಎಲುಬಿನ ಮೇಲ್ತುದಿ ಮುರಿದಿರುವ ಶಂಕೆ. ಮುರಿದ ತುಣುಕನ್ನು ತೋಳಿನ ಹಿಂಬದಿಯ ಸ್ನಾಯು ಮೇಲಕ್ಕೆ ಜಗ್ಗಿರುತ್ತದೆ. ಹೊರಗಿನಿಂದ ಎಷ್ಟು ಕಟ್ಟಿದರೂ ಅದು ಕೆಳಗಿಳಿದು ಕೂಡದು. ಆಪರೇಷನ್ ಬೇಕಾಗುವುದು ಇದಕ್ಕೇ.

2. ಊರಲ್ಲಿ ಬಿದಿರು ದಬ್ಬೆ ಬಿಗಿದು ಬಂದವರ ಎಕ್ಸ್‌ರೇಗಿಂತ ಮೊದಲು ಬೆರಳು ನೋಡಬೇಕು. ಮಡಚಿದ ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದಾಗ "ಯಪ್ಪಾ, ಜೀವ ಹೊಕ್ಕೈತ್ರೀ" ಎಂದು ಚೀರಿದರೆ ಕಟ್ಟನ್ನು ಆ ಕ್ಷಣವೇ ಕತ್ತರಿಸಬೇಕು. ಆರು ತಾಸು ರಕ್ತ ಸಿಗದ ಸ್ನಾಯು ಮತ್ತೆ ಜೀವ ಹಿಡಿಯುವುದು ಕಷ್ಟ. ಹೀಗೆ ಸ್ನಾಯು ಸತ್ತು ಸೊಟ್ಟಗಾಗುವ ಕೈಯನ್ನು ಜರ್ಮನಿಯ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು.

3. ಮಕ್ಕಳಲ್ಲಿ ಅಲ್ನಾ ಮುರಿದಿದ್ದರೆ ಅದರ ಪಕ್ಕದ ರೇಡಿಯಸ್ ಎಲುಬಿನ ತಲೆ ಕೀಲಿನಿಂದ ಜಾರಿದೆಯೇ ಎಂದು ನೋಡಲೇಬೇಕು. ಮಿಲಾನಿನ ಮೊಂಟೆಜಿಯಾ 1814ರಲ್ಲಿ ಬರೆದ ಈ ಪೆಟ್ಟು, ಮೊಣಕೈ ಪೂರ್ತಿ ಬಾರದ ಎಕ್ಸ್‌ರೇಯಲ್ಲಿ ಇಂದಿಗೂ ತಪ್ಪಿಹೋಗುತ್ತದೆ.

4. ಅಲ್ನಾ ಮೇಲ್ತುದಿ ಅಡ್ಡಕ್ಕೆ ಮುರಿದು ಎರಡೇ ತುಂಡಾಗಿದ್ದರೆ ಎರಡು ಸ್ಟೀಲ್ ಕಡ್ಡಿ, ಎಂಟರ ಆಕಾರದ ತಂತಿ ಸಾಕು. ಕೈ ಮಡಚಿದಾಗ ಸ್ನಾಯುವಿನ ಜಗ್ಗುವಿಕೆಯೇ ಕೀಲಿನ ಕಡೆ ಎಲುಬನ್ನು ಒತ್ತಿ ಕೂಡಿಸುತ್ತದೆ. ಚೂರುಚೂರಾಗಿದ್ದರೆ ತಂತಿ ಬಿಗಿದಷ್ಟೂ ಕೀಲು ಕಿರಿದಾಗುತ್ತದೆ; ಅಲ್ಲಿ ಪ್ಲೇಟೇ ಸರಿ. ಕಿರುಬೆರಳಿನ ಸ್ಪರ್ಶಜ್ಞಾನವನ್ನು ಆಪರೇಷನ್ನಿಗೆ ಮೊದಲೇ ಕೇಸ್‌ಶೀಟಿನಲ್ಲಿ ಬರೆದಿಡಬೇಕು, ಅಲ್ನಾರ್ ನರ ಪಕ್ಕದಲ್ಲೇ ಹಾದಿದೆ.

5. ಗಟ್ಟಿಯಾಗಿ ಕೂಡಿಸುವುದು ಬೇಗ ಆಡಿಸಲಿಕ್ಕೆ. ರೊಟ್ಟಿ ಮುರಿದು ಬಾಯಿಗೆ ಒಯ್ಯಲು ಮೊಣಕೈ ಸುಮಾರು 130 ಡಿಗ್ರಿ ಮಡಚಬೇಕು. ತಿಂಗಳುಗಟ್ಟಲೆ ಜೋಳಿಗೆಯಲ್ಲಿಟ್ಟ ಕೈ ಅಲ್ಲಿಗೆ ಮುಟ್ಟುವುದಿಲ್ಲ. ರೋಗಿ ತಾನೇ ಆಡಿಸಬೇಕು. ಎಣ್ಣೆ ಹಚ್ಚಿ ತಿಕ್ಕಿಸಿ, ಜಗ್ಗಿಸಿದರೆ ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಸೆಟೆಯಬಹುದು.

6. ಆದರೆ ಹೊಲದ ಕೆಲಸ ಬಿಟ್ಟ ವಯಸ್ಸಾದ ಅಜ್ಜಿಯರಿಗೆ ಇದೇ ಮುರಿತಕ್ಕೆ ಎಷ್ಟೋ ಸಲ ಆಪರೇಷನ್ನೇ ಬೇಡ.

7. ತಂತಿ ಚರ್ಮಕ್ಕೆ ಚುಚ್ಚಬಹುದು, ಎಲುಬು ಕೂಡಿದ ಮೇಲೆ ತೆಗೆಸಬೇಕಾಗಬಹುದು ಎಂದು ಮೊದಲ ದಿನವೇ ಮನೆಯವರಿಗೆ ಹೇಳಿಬಿಡಿ.

ಶಿರೂರಿನವರಲ್ಲಿ ನನ್ನ ವಿನಂತಿ: ಬಾಗಲಕೋಟೆಯ ಆಸ್ಪತ್ರೆ ದೂರವಿಲ್ಲ. ಕೈಯನ್ನು ಟವೆಲ್ಲಿನಲ್ಲಿ ಸಡಿಲಾಗಿ ಕೊರಳಿಗೆ ತೂಗುಹಾಕಿ, ಉಂಗುರ-ಬಳೆ ತೆಗೆದು, ಅವತ್ತೇ ಬನ್ನಿ. ಗಾಯದಿಂದ ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆ ಒತ್ತಿ ಹಿಡಿದು, ತಾಸೂ ತಡಮಾಡದೆ ಹೊರಡಿ.