ತಾರಸಿಗೆ ದುಡ್ಡು ಹಾಕುವ ಮುನ್ನ ದಾರ ಎಳೆದು ನೋಡಿ

ತಾರಸಿ ನಮಗೆ ನೆನಪಾಗುವುದು ಸೋರಿದ ಮೇಲೆ. ಆಗ ಕೈಗೆ ಸಿಕ್ಕ ಕೋಟಿಂಗ್ ಬಳಿಸಿ ಒಂದೆರಡು ಮಳೆಗಾಲ ದೂಡುತ್ತೇವೆ. ದಾವಣಗೆರೆಯ ನಮ್ಮ ಮನೆಯ ತಾರಸಿ ಒಂಬತ್ತು ಚದರ. ಕೋಟಿಂಗ್‌ಗೆ ಒಬ್ಬ ಗುತ್ತಿಗೆದಾರರು ಚದರಡಿಗೆ 35 ರೂಪಾಯಿಯಂತೆ 31,500 ಹೇಳಿದರು. ಹಳೆ ಗಾರೆ ಕಿತ್ತು, ಇಳಿಜಾರು ಹೊಸದಾಗಿ ಕೊಟ್ಟು, ಶಾಖ ತಡೆಯುವ ಹಾಳೆ ಹಾಸಿ, ಮೇಲೆ ಬಿಳಿ ಟೈಲ್ಸ್ ಹಾಕಲು ಇನ್ನೊಬ್ಬರು ಹೇಳಿದ್ದು 210ರ ಲೆಕ್ಕದಲ್ಲಿ 1,89,000. ಆರು ಪಟ್ಟು. ನಾವು ಒಪ್ಪಿದ್ದು ಎರಡನೆಯದನ್ನು. ಕಾರಣ ಒಂದು ದಾರ.

ಮೇಸ್ತ್ರಿ ಮೊದಲು ಮಾಡಿದ ಕೆಲಸವೇ ಅದು. ಪ್ಯಾರಾಪೆಟ್ ಗೋಡೆಯ ಬುಡದಿಂದ ನೀರಿನ ಪೈಪಿನ ಬಾಯಿಗೆ ದಾರ ಕಟ್ಟಿದರು. ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ ಎರಡೂ ತುದಿಯ ಮಟ್ಟ ಗುರುತಿಸಿದರು. "ಸಾರ್, ಇಪ್ಪತ್ತೈದು ಅಡಿಗೆ ಮೂರಿಂಚು ಇಳೀಬೇಕು. ಇಲ್ಲಿ ಒಂದಿಂಚೂ ಇಲ್ಲ ನೋಡಿ" ಎಂದರು. ನೂರಕ್ಕೆ ಒಂದು ಎನ್ನುವುದು ನಮ್ಮ ಕಡೆಯ ಸಪಾಟು ತಾರಸಿಗೆ ವಾಡಿಕೆಯ ಲೆಕ್ಕ. ನಡುವೆ ತಗ್ಗಾದ ಕಡೆ ನೀರು ನಿಂತು ಆರಿ, ನಿಂತು ಆರಿ, ಧೂಳಿನ ಅಂಚು ಉಂಗುರದಂತೆ ಕೂತಿತ್ತು. ಅದರೊಳಗೆ ಕರಿ ಪಾಚಿ. ಅಂಥ ತಗ್ಗಿನ ಮೇಲೆ ಎಷ್ಟೇ ಒಳ್ಳೆಯ ಕೋಟಿಂಗ್ ಬಳಿದರೂ ಅದು ದಿನಗಟ್ಟಲೆ ನೀರಿನಡಿ ಇದ್ದು, ಆಮೇಲೆ ಬಿಸಿಲಿಗೆ ಕಾದು, ಏಳತೊಡಗುತ್ತದೆ.

ನಿಂತ ನೀರಿನ ನಿಜವಾದ ಖರ್ಚು ಸೋರುವ ಚಾವಣಿಗೆ ಮತ್ತೆ ಪೇಂಟ್ ಹೊಡೆಸುವುದಲ್ಲ. ಸಣ್ಣ ಬಿರುಕಿನಿಂದ ಇಳಿದ ತೇವ ಸ್ಲ್ಯಾಬಿನೊಳಗಿನ ಕಂಬಿಯನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಉಬ್ಬಿ, ಅಡಿಯ ಕಾಂಕ್ರೀಟನ್ನು ಚಕ್ಕೆಚಕ್ಕೆಯಾಗಿ ಒಡೆದು ಉದುರಿಸುತ್ತದೆ. ಅಷ್ಟಕ್ಕೆ ಹೋದ ಸ್ಲ್ಯಾಬಿನ ರಿಪೇರಿಗೆ 210 ರೂಪಾಯಿಯ ದರ ಸಾಲದು. ಹಾಗಾಗಿ ನನ್ನ ಮಟ್ಟಿಗೆ ಇಳಿಜಾರು ಕಡ್ಡಾಯದ ಖರ್ಚು. ಸಾಲ ಮಾಡಿಯಾದರೂ ಮಾಡಿಸಬೇಕಾದದ್ದು.

ಶಾಖ ತಡೆಯ ಲೆಕ್ಕ ಬೇರೆ. ಕಾಂಕ್ರೀಟು ಹಗಲು ಹೀರಿದ ಬಿಸಿಯನ್ನು ರಾತ್ರಿ ಕೋಣೆಗೆ ಬಿಡುತ್ತದೆ. ಏಪ್ರಿಲ್‌ನಲ್ಲಿ ಹತ್ತು ಗಂಟೆಯಾದರೂ ಮೇಲಿನ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತದೆ. ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಾಳೆಯ ಮೂಲಕ ಶಾಖ ಹಾಯುವುದು ಕಾಂಕ್ರೀಟಿನ ಸುಮಾರು ಐವತ್ತನೇ ಒಂದು ಭಾಗ ಮಾತ್ರ. ವಸತಿ ಕಟ್ಟಡಗಳಿಗೆಂದು 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಚಾವಣಿಯ ಶಾಖ ಹಾಯಿಸುವಿಕೆಗೆ ಇಟ್ಟಿರುವ ಮಿತಿ ಚದರ ಮೀಟರಿಗೆ, ಡಿಗ್ರಿಗೆ 1.2 ವ್ಯಾಟ್; ಬೋಳು ಸ್ಲ್ಯಾಬು ಅದರ ಹತ್ತಿರವೂ ಸುಳಿಯುವುದಿಲ್ಲ, ಎರಡಿಂಚಿನ ಫೋಮ್ ಹಾಕಿದರೆ ಸುಲಭವಾಗಿ ಒಳಗೆ ಬರುತ್ತದೆ.

ಆದರೆ ದುಡ್ಡು? ನಮ್ಮ ಅಂದಾಜಿನಲ್ಲಿ ಫೋಮ್‌ನ ಪಾಲು 67,500. ಬೇಸಿಗೆಯ ಮೂರು ತಿಂಗಳು ಎಸಿಯ ಬಳಕೆ ತಿಂಗಳಿಗೆ ಇನ್ನೂರು ಯೂನಿಟ್ ತಗ್ಗಿದರೂ, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ, ವರ್ಷಕ್ಕೆ ಉಳಿಯುವುದು 3,600. ಬರೀ ಕರೆಂಟ್ ಬಿಲ್ಲಿನಿಂದ ಅಸಲು ಬರಲು ಹದಿನೆಂಟು ವರ್ಷಕ್ಕೂ ಹೆಚ್ಚು ಬೇಕು. ಇದನ್ನು ಮುಚ್ಚಿಟ್ಟು ಮಾರುವವರನ್ನು ನಂಬಬೇಡಿ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗೆ ಮಾತ್ರ ಲೆಕ್ಕ ಸ್ವಲ್ಪ ತಿರುಗುತ್ತದೆ: 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನೇ ಕಟ್ಟಬೇಕು, ಆ ಗೆರೆಯೊಳಗೆ ಉಳಿದರೆ ಲಾಭ ದೊಡ್ಡದು. ಮೇಲಿನ ಮಹಡಿಯಲ್ಲಿ ಯಾರೂ ಮಲಗದಿದ್ದರೆ ಫೋಮ್ ಬಿಟ್ಟು ವರ್ಷಕ್ಕೊಮ್ಮೆ ಬಿಳಿ ಸುಣ್ಣ ಹೊಡೆಸಿ, ಸಾಕು. ನಮ್ಮಲ್ಲಿ ಮಲಗುವವರು ಅಮ್ಮ. ಆ 67,500 ನಾನು ಕೊಟ್ಟದ್ದು ಅವರ ನಿದ್ದೆಗೆ.

ಮಾಡಿಸುವುದಾದರೆ ಇಳಿಜಾರು, ಫೋಮ್ ಎರಡನ್ನೂ ಒಟ್ಟಿಗೆ ಮಾಡಿಸಿ. ಕೀಳುವ ಕೂಲಿ, ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ, ಟೈಲ್ಸಿನ ಕೆಲಸ ಎಲ್ಲ ಒಂದೇ ಸಲಕ್ಕೆ ಮುಗಿಯುತ್ತದೆ. ಸ್ಲ್ಯಾಬಿನ ಮೇಲೆ ಇಳಿಜಾರಿನ ಗಾರೆ, ಅದರ ಮೇಲೆ ವಾಟರ್‌ಪ್ರೂಫಿಂಗ್, ಆಮೇಲೆ ಫೋಮ್, ಕೊನೆಗೆ ಟೈಲ್ಸ್. ಫೋಮ್ ಮೇಲಿದ್ದರೆ ವಾಟರ್‌ಪ್ರೂಫಿಂಗ್‌ಗೆ ಬಿಸಿಲು ತಾಗದು, ಬಾಳಿಕೆ ಹೆಚ್ಚು. ಟಿವಿ ಪೆಟ್ಟಿಗೆಯಲ್ಲಿ ಬರುವಂಥ ಥರ್ಮೋಕೋಲನ್ನು ಅಗ್ಗವೆಂದು ಈ ಜಾಗಕ್ಕೆ ಒಪ್ಪಬೇಡಿ. ಅದು ಎಕ್ಸ್‌ಪಿಎಸ್‌ಗಿಂತ ಹೆಚ್ಚು ನೀರು ಹೀರುತ್ತದೆ, ನೆನೆದಷ್ಟೂ ಶಾಖ ತಡೆಯುವ ಗುಣ ಹೋಗುತ್ತದೆ. ಚಿತ್ರದುರ್ಗದ ಕಡೆಯ ಹಳೆ ಮಾಳಿಗೆ ಮನೆಗಳಲ್ಲಿ ಮಣ್ಣಿನ ಒಂದೇ ಹೊದಿಕೆ ತಂಪನ್ನೂ ಇಳಿಜಾರನ್ನೂ ಕೊಡುತ್ತಿತ್ತು. ಮುಂಗಾರಿಗೆ ಮುನ್ನ ಅದರ ಮೇಲೆ ಕರ್ಲು ಮಣ್ಣು ಹರಡುವುದು ಮನೆಯವರ ವರ್ಷದ ಕೆಲಸವಾಗಿತ್ತು.

ಹಳೆಯದನ್ನು ಕೀಳದೆ ಮೇಲೆ ಹೊಸ ಗಾರೆ ಹಾಕಿಸಿದರೆ ಅಗ್ಗವಲ್ಲವೇ ಎಂದು ಕೇಳಿದೆ. ಒಂಬತ್ತು ಚದರಕ್ಕೆ ಒಂದಿಂಚು ಗಾರೆ ಎಂದರೆ ನಾಲ್ಕು ಟನ್ನಿಗೂ ಹೆಚ್ಚು ಭಾರ. ಅದಕ್ಕೆ ಹೋಲಿಸಿದರೆ ಫೋಮ್ ಭಾರವಲ್ಲ, ಇಡೀ ತಾರಸಿಗೆ ಒಂದೂವರೆ ಕ್ವಿಂಟಲ್‌ನಷ್ಟು. ಎತ್ತರದ ತೊಡಕೂ ಇತ್ತು: ಇಳಿಜಾರು, ಫೋಮ್, ಟೈಲ್ಸ್ ಸೇರಿ ಮೆಟ್ಟಿಲ ಕೋಣೆಯ ಹೊಸ್ತಿಲನ್ನು ಮೀರಿದರೆ ಮಳೆನೀರು ಮನೆಯೊಳಗೇ ಬರುತ್ತದೆ. ದರ ಮಾತಾಡುವ ಮುನ್ನ ಆ ಹೊಸ್ತಿಲನ್ನು ಅಳೆಸಿ.

ಕೊನೆಯ ಕಂತಾಗಿ ಐದರಲ್ಲೊಂದು ಪಾಲು ಕೈಯಲ್ಲಿಟ್ಟುಕೊಳ್ಳಿ. ವಾಟರ್‌ಪ್ರೂಫಿಂಗ್ ಮುಗಿದ ಮೇಲೆ, ಫೋಮ್ ಹಾಸುವ ಮೊದಲು, ಪೈಪಿನ ಬಾಯಿ ಕಟ್ಟಿ ಎರಡು ದಿನ ನೀರು ನಿಲ್ಲಿಸಿ, ಕೆಳಗೆ ಒದ್ದೆ ಕಾಣುತ್ತದೆಯೇ ನೋಡಿ. ಟೈಲ್ಸ್ ಆದಮೇಲೆ ಮೂಲೆಮೂಲೆಗೂ ಬಕೆಟ್ ನೀರು ಸುರಿದು, ಎಲ್ಲೂ ತಂಗದೆ ಪೈಪಿಗೆ ಹೋಗುವುದನ್ನು ಕಂಡ ಮೇಲೆಯೇ ಆ ಕಂತು ಕೊಡಿ. ಹೊಸ ಮನೆ ಕಟ್ಟಿಸುವವರು ಈ ಎರಡು ಪರೀಕ್ಷೆಗಳನ್ನೂ ನೂರಕ್ಕೆ ಒಂದರ ಇಳಿಜಾರನ್ನೂ ಕರಾರು ಪತ್ರದಲ್ಲೇ ಬರೆಸಿ. ಆಗ ಇಳಿಜಾರಿಗೆಂದು ಬೇರೆ ದುಡ್ಡು ಹೋಗುವುದೇ ಕಡಿಮೆ.